ಕದ್ರಾ ಗೇಟು, ಶಿರೂರು ಗುಡ್ಡ ಮತ್ತು ಪರದೆಯ ಮೇಲಿನ ಕೆಂಪು ಬಣ್ಣ

ಒಂದು ಆಷಾಢದಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ದೇವಿಮನೆ ಘಟ್ಟದ ಬುಡದ ಮನೆಯೊಂದರಲ್ಲಿ ಎರಡು ದಿನ ಉಳಿಯಬೇಕಾಗಿ ಬಂದಿತ್ತು. ಮೊದಲ ಸಂಜೆಯೇ ಕರೆಂಟು ಹೋಯಿತು. ಅದರ ಬೆನ್ನಿಗೆ ಮೊಬೈಲ್ ಟವರೂ ಮಲಗಿತು. ಮರುದಿನ ಹತ್ತು ಗಂಟೆಯ ಹೊತ್ತಿಗೆ ಟವರಿಗೆ ಜೀವ ಬಂದಾಗ ಜಗಲಿಯ ಮೇಲಿದ್ದ ಫೋನು ಬಿಟ್ಟೂ ಬಿಡದೆ ಮೂರು ಸಲ ಗುಂಯ್‌ಗುಟ್ಟಿತು. ಮೂರೂ ಮಳೆಯ ಎಚ್ಚರಿಕೆಗಳು: ಒಂದು ಹಿಂದಿನ ಸಂಜೆಯದು, ಇನ್ನೊಂದು ನಡುರಾತ್ರಿಯದು, ಮತ್ತೊಂದು ಬೆಳಗಿನ ಜಾವದ್ದು. ಕೊನೆಯದರಲ್ಲಿ ಗುಡ್ಡದ ಅಂಚಿನ ಮನೆಯವರು ಕೂಡಲೇ ಸುರಕ್ಷಿತ ಸ್ಥಳಕ್ಕೆ ಹೋಗಬೇಕೆಂದಿತ್ತು. ಮನೆಯ ಯಜಮಾನರು ಕನ್ನಡಕ ಏರಿಸಿ ಓದಿ, ಹಿತ್ತಿಲ ಧರೆಯ, ಕಡಿದಾದ ಆ ಮಣ್ಣಗೋಡೆಯ, ಕಡೆಗೊಮ್ಮೆ ನೋಡಿ, 'ಇದು ನಿನ್ನೆಯ ಪೇಪರು' ಎಂದು ಫೋನನ್ನು ಕೆಳಗಿಟ್ಟರು.

ಸಂದೇಶ ಕಳಿಸಿದ ಕಂಪ್ಯೂಟರಿನ ಲೆಕ್ಕದಲ್ಲಿ ಮಾತ್ರ ಆ ಮೂರೂ ರವಾನೆಯಾಗಿವೆ. ವರ್ಷದ ಕೊನೆಗೆ 'ಇಷ್ಟು ಲಕ್ಷ ಎಚ್ಚರಿಕೆ ಸಂದೇಶ ಕಳಿಸಲಾಗಿದೆ' ಎಂಬ ಅಂಕಿಯಲ್ಲಿ ಅವೂ ಸೇರಿರುತ್ತವೆ. ವಿಪತ್ತು ನಿರ್ವಹಣೆಗೆ ಬಳಸುವ ತಂತ್ರಾಂಶಗಳನ್ನು ನಾವು ಅಳೆಯುವುದೇ ಹೀಗೆ: ಎಷ್ಟು ಸಂದೇಶ, ಎಷ್ಟು ಮಳೆಮಾಪಕ, ಎಷ್ಟು ಪರದೆ. ಯಾವ ನಿರ್ಧಾರ ಬದಲಾಯಿತು ಎಂದು ಕೇಳುವವರು ಕಡಿಮೆ.

ನಿರ್ಧಾರ ಬೆಂಬಲ ವ್ಯವಸ್ಥೆ ಎಂಬುದು ದೊಡ್ಡ ಹೆಸರಾದರೂ ಕೆಲಸ ಸರಳ. ಮಳೆ, ನದಿಯ ಮಟ್ಟ, ಜಲಾಶಯದ ಒಳಹರಿವು, ಹವಾಮಾನ ಮುನ್ಸೂಚನೆ, ಕುಸಿಯಬಹುದಾದ ಗುಡ್ಡಗಳ ನಕ್ಷೆ, ಎಲ್ಲಿ ಎಷ್ಟು ಜೆಸಿಬಿ ಇದೆ, ಯಾವ ಶಾಲೆ ಕಾಳಜಿ ಕೇಂದ್ರವಾಗಬಲ್ಲದು ಎಂಬುದನ್ನೆಲ್ಲ ಒಂದೆಡೆ ತಂದು, 'ಹೀಗೆ ಮಾಡಿದರೆ ಹೀಗಾಗಬಹುದು' ಎಂದು ಅಧಿಕಾರಿಗೆ ತೋರಿಸುವುದು. ಇದರ ಬಿಡಿಭಾಗಗಳಿಗೆ ನಮ್ಮಲ್ಲಿ ಬಡತನವಿಲ್ಲ. ಬರ ನಿಗಾ ಘಟಕವಾಗಿ 1988ರಲ್ಲಿ ಶುರುವಾದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇಂದು ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳಿಂದ 15 ನಿಮಿಷಕ್ಕೊಮ್ಮೆ ಅಂಕಿ ತರಿಸಿಕೊಳ್ಳುತ್ತದೆ. ಸಮುದ್ರದ ಅಲೆಗಳ ಎಚ್ಚರಿಕೆ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್‌ನಿಂದ ಬರುತ್ತದೆ. ಭೂಕುಸಿತದ ಮುನ್ಸೂಚನೆಗೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಕೋಲ್ಕತ್ತದಲ್ಲಿ ರಾಷ್ಟ್ರೀಯ ಕೇಂದ್ರವೊಂದನ್ನು ತೆರೆದದ್ದು 2024ರ ಜುಲೈ 19ರಂದು. ಆ ಹೊತ್ತಿಗೆ ಶಿರೂರು ಗುಡ್ಡ ಕುಸಿದು ಮೂರು ದಿನವಾಗಿತ್ತು.

ಇವೆಲ್ಲ ಕೊನೆಗೆ ಬಂದು ಸೇರುವುದು ಒಂದೇ ಮೇಜಿಗೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಯೇ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು. ಅಪಾಯದ ಪ್ರದೇಶದಲ್ಲಿ ವಾಹನ ಸಂಚಾರವನ್ನು ನಿರ್ಬಂಧಿಸುವ ಅಧಿಕಾರವನ್ನೂ ಅದೇ ಕಾಯ್ದೆಯ 34ನೇ ಕಲಮು ಪ್ರಾಧಿಕಾರಕ್ಕೆ ಕೊಟ್ಟಿದೆ. ಅಂದರೆ ಅಧಿಕಾರವೂ ಇದೆ, ಮಾಹಿತಿಯೂ ಇದೆ. ಇವೆರಡರ ನಡುವೆ ಏನು ನಡೆಯುತ್ತದೆ ಎಂಬುದನ್ನೇ ಪರೀಕ್ಷಿಸಬೇಕಾದದ್ದು.

ಪರೀಕ್ಷೆಯ ಮಾತು ಬಂದೊಡನೆ 'ಶೇಕಡಾ ಇಷ್ಟು ನಿಖರ' ಎಂಬ ಅಂಕಿ ಮುಂದೆ ಬರುತ್ತದೆ. ಈ ಅಂಕಿಯ ಮರ್ಯಾದೆಯನ್ನು ಅಮೆರಿಕದಲ್ಲಿ ನೂರನಲವತ್ತು ವರ್ಷಗಳ ಹಿಂದೆಯೇ ಹರಾಜು ಹಾಕಿದ್ದಾರೆ. 1884ರಲ್ಲಿ ಜಾನ್ ಫಿನ್ಲಿ ಎಂಬ ಸೇನಾಧಿಕಾರಿ ಸುಂಟರಗಾಳಿಯ ಮುನ್ಸೂಚನೆ ಕೊಡಲು ಹೊರಟ. ಒಟ್ಟು 2803 ಮುನ್ಸೂಚನೆಗಳಲ್ಲಿ 2708 ಸರಿಯಾದವು, ಅಂದರೆ ಶೇಕಡಾ 96.6. ಹಾರ ಹಾಕುವಷ್ಟರಲ್ಲಿ ಒಬ್ಬರು ಬಿಡಿಸಿ ನೋಡಿದರು. ಸುಂಟರಗಾಳಿ ಬಂದದ್ದು 51 ಸಲ. ಅದರಲ್ಲಿ ಫಿನ್ಲಿ ಹಿಡಿದದ್ದು 28, ಬಿಟ್ಟದ್ದು 23. 'ಬರುತ್ತದೆ' ಎಂದು ಹೇಳಿಯೂ ಬಾರದೇ ಹೋದದ್ದು 72. ದಿನಾ ಬೆಳಿಗ್ಗೆ ಎದ್ದು 'ಇಂದು ಸುಂಟರಗಾಳಿ ಇಲ್ಲ' ಎಂದಷ್ಟೇ ಹೇಳುತ್ತಿದ್ದವನಿಗೆ ಶೇಕಡಾ 98.2 ಅಂಕ ಸಿಗುತ್ತಿತ್ತು! ಅಪರೂಪದ ಆಪತ್ತಿಗೆ ಒಟ್ಟು ನಿಖರತೆಯ ಅಳತೆ ಹಚ್ಚಿದರೆ ಏನೂ ಮಾಡದವನೇ ಗೆಲ್ಲುತ್ತಾನೆ. ನಮ್ಮ ಜಿಲ್ಲೆಯ ಗುಡ್ಡಗಳಲ್ಲಿ ಯಾವುದನ್ನೇ ಆರಿಸಿ 'ಇವತ್ತು ಕುಸಿಯುವುದಿಲ್ಲ' ಎಂದು ಬರೆದಿಟ್ಟರೂ ವರ್ಷಕ್ಕೆ 365 ದಿನ ಸರಿಯಾಗುವ ಸಂಭವವೇ ಹೆಚ್ಚು.

ಹಾಗಾದರೆ ಹುಸಿ ಎಚ್ಚರಿಕೆಗಳನ್ನು ಎಣಿಸೋಣವೇ? ಅದೂ ಅರ್ಧ ಸತ್ಯ. ಎಚ್ಚರಿಕೆ ಹುಸಿಯಾದರೆ ಎಷ್ಟು ನಷ್ಟ, ಎಚ್ಚರಿಸದೆ ಬಿಟ್ಟಾಗ ಅನಾಹುತವಾದರೆ ಎಷ್ಟು ನಷ್ಟ ಎಂದು ತೂಗಿ ನೋಡಬೇಕು. ಎರಡನೆಯದು ಮೊದಲಿನದರ ನೂರು ಪಟ್ಟು ಇದ್ದರೆ, ನೂರರಲ್ಲೊಂದು ಸಾಧ್ಯತೆ ಇದ್ದಾಗಲೂ ಕ್ರಮ ಕೈಗೊಳ್ಳುವುದೇ ಸರಿ. ಆಗ ನೂರು ಎಚ್ಚರಿಕೆಗಳಲ್ಲಿ ತೊಂಬತ್ತೊಂಬತ್ತು ಹುಸಿಯಾಗುತ್ತವೆ, ವ್ಯವಸ್ಥೆ ಸರಿಯಾಗಿಯೇ ಇರುತ್ತದೆ. ಈ ಲೆಕ್ಕವನ್ನು ಜನರಿಗೆ ಮೊದಲೇ ಹೇಳಿರದಿದ್ದರೆ ನಾಲ್ಕನೆಯ ಎಚ್ಚರಿಕೆಗೆ ಯಾರೂ ಹಾಸಿಗೆ ಬಿಟ್ಟೇಳುವುದಿಲ್ಲ ಎಂಬುದು ಬೇರೆ ಮಾತು.

ಶಿರೂರಿಗೆ ಬರೋಣ. 2024ರ ಜುಲೈ 16, ಪುನರ್ವಸು ಮಳೆ. ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಗುಡ್ಡ ಬೆಳಗಿನ ಹೊತ್ತಿನಲ್ಲಿ ಕುಸಿಯಿತು. ಗುಡ್ಡದ ಬುಡದಲ್ಲಿ ಚಹಾದಂಗಡಿ ಇತ್ತು. ಲಾರಿಗಳು ಅಲ್ಲಿ ನಿಲ್ಲುವುದು ರೂಢಿ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಗಂಗಾವಳಿ, ನಡುವೆ ರಸ್ತೆ. ಮಣ್ಣು ಅಂಗಡಿಯನ್ನೂ ವಾಹನಗಳನ್ನೂ ಎತ್ತಿಕೊಂಡು ನದಿಗೆ ಬಿತ್ತು. ಅದರ ರಭಸಕ್ಕೆ ಎದ್ದ ನೀರು ಆಚೆ ದಂಡೆಯ ಉಳುವರೆಯ ಮನೆಗಳ ಮೇಲೆ ಅಪ್ಪಳಿಸಿತು. ಸತ್ತವರು ಹನ್ನೊಂದು ಜನ. ನದಿಯಲ್ಲಿ ಹೂತುಹೋಗಿದ್ದ ಕೇರಳದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಡ್ರೆಜ್ಜರ್ ತಂದ ಮೇಲೆ.

ಅಂದು ಯಾವ ವ್ಯವಸ್ಥೆಗೆ ಏನು ಗೊತ್ತಿರಲು ಸಾಧ್ಯವಿತ್ತು? ಮಳೆಯ ಅಂಕಿ ಗೊತ್ತಿರುತ್ತದೆ. ಆದರೆ ಮಾಪಕವಿರುವುದು ಒಂದೆಡೆ, ಮಳೆ ಹೆಚ್ಚು ಬೀಳುವುದು ಗುಡ್ಡದ ನೆತ್ತಿಯ ಮೇಲೆ. ನಕ್ಷೆಯೂ ಇದೆ. ಸರ್ವೇಕ್ಷಣೆಯ ಭೂಕುಸಿತ ಸಂಭಾವ್ಯತೆಯ ನಕ್ಷೆಗಳು 1:50,000 ಪ್ರಮಾಣದವು, ಎಂದರೆ ಕಾಗದದ ಮೇಲಿನ ಒಂದು ಸೆಂಟಿಮೀಟರ್ ನೆಲದ ಮೇಲೆ ಅರ್ಧ ಕಿಲೋಮೀಟರ್. ಚಹಾದಂಗಡಿ, ಲಾರಿ ನಿಲ್ಲುವ ಜಾಗ, ಆಚೆ ದಂಡೆಯ ಮನೆಗಳು ಎಲ್ಲವೂ ಒಂದು ಬೆರಳಿನುಗುರಿನ ಅಡಿಯಲ್ಲಿ ಮುಚ್ಚಿಹೋಗುತ್ತವೆ. ಅದಕ್ಕಿಂತ ಮುಖ್ಯವಾದದ್ದು, ಇಂಥ ನಕ್ಷೆಗಳು ನೆಲದ ಸಹಜ ಇಳಿಜಾರು, ಕಲ್ಲು, ಮಣ್ಣು, ನೀರಿನ ಹಾದಿಯನ್ನು ನೋಡಿ ತಯಾರಾದವು. ಚತುಷ್ಪಥಕ್ಕೆಂದು ಕಡಿದ ಗುಡ್ಡದ ಬುಡ ಅವುಗಳಲ್ಲಿ ಕಾಣದೇ ಹೋಗಬಹುದು. ಕಾರವಾರದ ಕಡವಾಡದ ಝರಿವಾಡದಲ್ಲಿ 2009ರ ಅಕ್ಟೋಬರ್ 2ರಂದು ಗುಡ್ಡ ಜರಿದು 19 ಜನ ಸತ್ತಾಗಲೂ, ಭಟ್ಕಳದ ಮುಟ್ಟಳ್ಳಿಯಲ್ಲಿ 2022ರ ಆಗಸ್ಟ್ 2ರಂದು ಮನೆ ಮೇಲೆ ಗುಡ್ಡ ಬಿದ್ದು ನಾಲ್ವರು ಸತ್ತಾಗಲೂ ಅಪಾಯವಿದ್ದದ್ದು ಒಂದು ನಿರ್ದಿಷ್ಟ ಧರೆಯಲ್ಲಿ. ಜಿಲ್ಲೆ ಪೂರ್ತಿ ಬಳಿದ ಬಣ್ಣದಿಂದ ಆ ಧರೆ ಕಾಣುವುದಿಲ್ಲ.

ಈಗ ನಿರ್ಧಾರ. 'ಹೆದ್ದಾರಿ ಮುಚ್ಚಬೇಕಿತ್ತು' ಎಂದು ಘಟನೆಯ ಮರುದಿನ ಎಲ್ಲರೂ ಹೇಳಿದರು. ಹಿಂದಿನ ದಿನ ಹೇಳಿದ್ದರೆ ಏನಾಗುತ್ತಿತ್ತು ನೋಡಿ. ತುರ್ತು ರೋಗಿಯನ್ನು ಮಣಿಪಾಲಕ್ಕೋ ಗೋವಾಕ್ಕೋ ಒಯ್ಯುವ ಜಿಲ್ಲೆ ನಮ್ಮದು. ಅಂಬುಲೆನ್ಸ್ ಓಡುವುದು ಇದೇ ರಸ್ತೆಯಲ್ಲಿ. ಇದನ್ನು ಮುಚ್ಚಿ ಹುಬ್ಬಳ್ಳಿಗೆ ಕಳಿಸೋಣವೆಂದರೆ ಅರಬೈಲ್ ಘಟ್ಟ, ಶಿರಸಿಗೆ ಹೋಗೋಣವೆಂದರೆ ದೇವಿಮನೆ. ಅವೂ ಅದೇ ಮಳೆಯಲ್ಲಿ ಜರಿಯುವ ರಸ್ತೆಗಳೇ. ಹಾಗಾಗಿ ಇಡೀ ಹೆದ್ದಾರಿಯನ್ನು ಮುಚ್ಚುವುದು ದುಬಾರಿ ನಿರ್ಧಾರ. ದುಬಾರಿಯಾದದ್ದನ್ನು ಯಾವ ಅಧಿಕಾರಿಯೂ ಬರೀ ಕೆಂಪು ಬಣ್ಣ ನೋಡಿ ಮಾಡುವುದಿಲ್ಲ.

ಆದರೆ ಏನೂ ಮಾಡದಿರುವುದಕ್ಕೂ ಹೆದ್ದಾರಿ ಮುಚ್ಚುವುದಕ್ಕೂ ನಡುವೆ ಅಗ್ಗದ ಒಂದು ದಾರಿ ಇತ್ತು: ಕಡಿದ ಗುಡ್ಡದ ಕೆಳಗೆ ವಾಹನ ನಿಲ್ಲಲು ಬಿಡದಿರುವುದು. ಲಾರಿಗಳನ್ನು ಎರಡು ಕಿಲೋಮೀಟರ್ ಮುಂದೆ ಬಯಲಿನಲ್ಲಿ ನಿಲ್ಲಿಸಿ, ಮಳೆಗಾಲದ ಮಟ್ಟಿಗೆ ಅಂಗಡಿಗೆ ಬೇರೆ ಜಾಗ ಕೊಡುವುದು. ಇದಕ್ಕೆ ಬೇಕಾದದ್ದು ಇಬ್ಬರು ಪೊಲೀಸರು, ಒಂದು ಬೋರ್ಡು. ಎಚ್ಚರಿಕೆ ಹುಸಿಯಾದರೆ ಹೋಗುವುದು ನಾಲ್ಕು ಲೋಟ ಚಹಾದ ವ್ಯಾಪಾರ. ಸಾವಿರದಲ್ಲೊಂದು ಸಾಧ್ಯತೆಗೂ ಇಂಥ ಕ್ರಮ ಸಲ್ಲುತ್ತದೆ. ಒಳ್ಳೆಯ ಬೆಂಬಲ ವ್ಯವಸ್ಥೆಯ ಗುರುತೆಂದು ನಾನು ಭಾವಿಸುವುದು ಇದನ್ನೇ. ಅಪಾಯ ಇಷ್ಟಿದೆ ಎಂದು ಹೇಳಿ ಕೈತೊಳೆದುಕೊಳ್ಳದೆ, ಅಧಿಕಾರಿಯ ಮುಂದೆ ಮೂರು-ನಾಲ್ಕು ದಾರಿಗಳನ್ನು ಅವುಗಳ ಬೆಲೆಯ ಸಮೇತ ಇಡಬೇಕು.

ಸದ್ಯ ನಮ್ಮ ಕರಾವಳಿಯಲ್ಲಿ ಅತಿ ಹೆಚ್ಚು ಬೆಂಬಲ ಪಡೆದಿರುವ ನಿರ್ಧಾರ ಯಾವುದೆಂದು ಮಕ್ಕಳನ್ನು ಕೇಳಿ: ಶಾಲೆಗೆ ರಜೆ. ರೆಡ್ ಅಲರ್ಟ್ ಬಂದರೆ ರಾತ್ರಿ ಒಂಬತ್ತಕ್ಕೆ ಆದೇಶ, ಒಂಬತ್ತೂಕಾಲಕ್ಕೆ ಎಲ್ಲ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸಂಭ್ರಮ. ತಪ್ಪೇನೂ ಅಲ್ಲ. ಹೊಳೆ ದಾಟಿ, ಸಂಕ ದಾಟಿ ಶಾಲೆಗೆ ಹೋಗುವ ಮಕ್ಕಳಿರುವ ಜಿಲ್ಲೆ ಇದು. ಆದರೂ ಕೋಟಿಗಟ್ಟಲೆ ರೂಪಾಯಿಯ ಮಾಪಕಗಳೂ ಉಪಗ್ರಹಗಳೂ ಸೇರಿ ಒಂದು ರಜೆಯ ಆದೇಶವನ್ನಷ್ಟೇ ಹೆರುತ್ತಿದ್ದರೆ ಲೆಕ್ಕ ಕೇಳಬೇಕಾಗುತ್ತದೆ. ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ ದಿನಕ್ಕೆ 204.4 ಮಿಲಿಮೀಟರಿಗಿಂತ ಹೆಚ್ಚು ಸುರಿದರೆ ಅದು ಅತ್ಯಂತ ಭಾರಿ ಮಳೆ. ಇದು ದೇಶಕ್ಕೆಲ್ಲ ಒಂದೇ ಗೆರೆ. ಆ ಗೆರೆಯ ಹತ್ತಿರ ಮಳೆಗಾಲದಲ್ಲಿ ಪದೇಪದೇ ಹೋಗಿಬರುವ ನಮ್ಮಂಥವರಿಗೆ ಬಣ್ಣ ಬೇಗ ಮಾಸುತ್ತದೆ.

ಇನ್ನು ಕಾಳಿ ನದಿ. ಇಲ್ಲಿ ವಿಷಯ ಗುಡ್ಡದಷ್ಟು ನಿಗೂಢವಲ್ಲ. ನೀರಿಗೆ ಲೆಕ್ಕವಿದೆ, ಗೇಟಿದೆ, ಗೇಟಿಗೆ ಕೀಲಿಯಿದೆ. ಮೇಲಿಂದ ಸಾಲಾಗಿ ಅಣೆಕಟ್ಟುಗಳು: ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕೊನೆಗೆ ಕದ್ರಾ. ಸೂಪಾ ದೊಡ್ಡ ಹೊಟ್ಟೆಯದು, ಜುಲೈನಲ್ಲಿ ಸಾಮಾನ್ಯವಾಗಿ ತುಂಬಿರುವುದಿಲ್ಲ. ಕದ್ರಾ ಚಿಕ್ಕದು, ಅದರ ಗರಿಷ್ಠ ಮಟ್ಟ 34.50 ಮೀಟರ್. ಕೊಡಸಳ್ಳಿಯಿಂದ ಬಿಟ್ಟ ನೀರು, ನಡುವಿನ ಘಟ್ಟದ ಹಳ್ಳಗಳ ನೀರು ಎಲ್ಲವೂ ಇಲ್ಲಿಗೇ. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಕದ್ರಾದಿಂದ ಬಿಟ್ಟ ನೀರಿಗೆ ಕೆಳಗಿನ ಊರುಗಳು ಮುಳುಗಿದವು. ಆ ಮೇಲೆ ಮಳೆಗಾಲದಲ್ಲಿ ಜಲಾಶಯವನ್ನು ಗರಿಷ್ಠ ಮಟ್ಟಕ್ಕಿಂತ ಕೆಳಗೇ ಇಟ್ಟುಕೊಳ್ಳುವ ಕ್ರಮ ಬಂತು. ಇದು ಯಾವ ತಂತ್ರಾಂಶವೂ ಇಲ್ಲದೆ ಸಿಕ್ಕ ಒಳ್ಳೆಯ ನಿರ್ಧಾರ.

ಆದರೂ ಕಷ್ಟದ ಪ್ರಶ್ನೆ ಉಳಿಯುತ್ತದೆ: ಎಷ್ಟು ಹೊತ್ತಿಗೆ ಬಿಡಬೇಕು? ಕದ್ರಾದಿಂದ ಕಾರವಾರದ ಅಳಿವೆಗೆ ಮೂವತ್ತು ಚಿಲ್ಲರೆ ಕಿಲೋಮೀಟರ್. ಸಮುದ್ರ ದಿನಕ್ಕೆರಡು ಸಲ ಉಬ್ಬುತ್ತದೆ. ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ಇನ್ನೂ ಜೋರು. ಭರತಿಯ ಹೊತ್ತಿಗೆ ನೆರೆ ನೀರು ಅಳಿವೆಗೆ ಬಂದರೆ ಹೊರಗೆ ಹೋಗಲು ಜಾಗವಿಲ್ಲದೆ ಹಿಂದಕ್ಕೆ ಒತ್ತುತ್ತದೆ. ಅದೇ ನೀರನ್ನು ಇಳಿತಕ್ಕೆ ಹೊಂದಿಸಿ ಬಿಟ್ಟರೆ ದಂಡೆಯ ಮನೆಗಳಲ್ಲಿ ಮಟ್ಟ ಕಡಿಮೆಯಾಗಬಹುದು. ಭರತಿ-ಇಳಿತದ ಪಟ್ಟಿಯನ್ನು ವರ್ಷದ ಮೊದಲೇ ಅಚ್ಚು ಹಾಕಿಸಬಹುದು. ಮಳೆಯ ಮುನ್ಸೂಚನೆಯಂತೆ ಅದು ಕೈಕೊಡುವುದಿಲ್ಲ. ಪಾತಿ ದೋಣಿಯವರಿಗೆ ಪಟ್ಟಿಯೂ ಬೇಡ, ತಿಥಿ ಹೇಳಿದರೆ ಸಾಕು. ಜಲಾಶಯದ ಒಳಹರಿವು, ನದಿಯಲ್ಲಿ ನೀರು ಇಳಿದು ಬರಲು ಬೇಕಾದ ಗಂಟೆಗಳು, ಭರತಿಯ ವೇಳೆ ಈ ಮೂರನ್ನೂ ಕೂಡಿಸುವುದು ಕಂಪ್ಯೂಟರಿಗೆ ಹೇಳಿ ಮಾಡಿಸಿದ ಕೆಲಸ. ಹಣ ಹಾಕುವುದಾದರೆ ಮೊದಲು ಇಲ್ಲಿ ಹಾಕಬೇಕೆಂದು ನನ್ನ ಮತ. ಇನ್ನೊಂದು ನಿಯಂತ್ರಣ ಕೊಠಡಿಯ ಗೋಡೆಗೆ ಇನ್ನೊಂದು ದೊಡ್ಡ ಪರದೆ ಆಮೇಲೂ ಬರಬಹುದು.

ಗಂಗಾವಳಿಗೂ ಅಘನಾಶಿನಿಗೂ ಹೀಗೆ ತಡೆಯುವ ದೊಡ್ಡ ಅಣೆಕಟ್ಟುಗಳಿಲ್ಲ. ಅಲ್ಲಿ ಪ್ರಶ್ನೆ ಬರೀ ಸಮಯದ್ದು: ಘಟ್ಟದ ಮೇಲೆ ಸುರಿದದ್ದು ಕೆಳಗೆ ಬರುವುದಕ್ಕೆ ಎಷ್ಟು ಹೊತ್ತು, ಅಷ್ಟರೊಳಗೆ ಯಾರನ್ನು ಎಬ್ಬಿಸಬಹುದು.

ಕದ್ರಾ ಜಲಾಶಯದ ದಂಡೆಯಲ್ಲೇ ಕೈಗಾ ಅಣುವಿದ್ಯುತ್ ಕೇಂದ್ರವಿದೆ, ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳು. ವಿಪತ್ತು ನಿರ್ವಹಣೆಯಲ್ಲಿ ನಿರ್ಧಾರ ಬೆಂಬಲ ಎಂಬ ಮಾತು ಹೆಚ್ಚು ಬಳಕೆಯಾಗುವ ಕ್ಷೇತ್ರಗಳಲ್ಲಿ ಅಣುಶಕ್ತಿಯೂ ಒಂದು. ಚೆರ್ನೋಬಿಲ್ ಆದ ಮೇಲೆ ಯುರೋಪು ಇದಕ್ಕೆಂದೇ ರೋಡೋಸ್ ಎಂಬ ವ್ಯವಸ್ಥೆ ಕಟ್ಟಿತು. ಜಪಾನಿನ ಬಳಿ ಸ್ಪೀಡಿ ಎಂಬುದಿತ್ತು. ಸ್ಥಾವರದಿಂದ ವಿಕಿರಣ ಸೋರಿದರೆ ಗಾಳಿ ಅದನ್ನು ಎತ್ತ ಒಯ್ಯುತ್ತದೆ ಎಂದು ಲೆಕ್ಕ ಹಾಕುವುದು ಅದರ ಕೆಲಸ. 2011ರ ಮಾರ್ಚ್‌ನಲ್ಲಿ ಫುಕುಶಿಮಾ ದುರಂತವಾದಾಗ ಸ್ಪೀಡಿ ಲೆಕ್ಕ ಹಾಕುತ್ತಲೇ ಇತ್ತು. ಆದರೆ ಎಷ್ಟು ಪ್ರಮಾಣ ಸೋರುತ್ತಿದೆ ಎಂಬ ಅಂಕಿ ಸ್ಥಾವರದಿಂದ ಬರಲಿಲ್ಲ. ಪ್ರಮಾಣ ತಿಳಿಯದ ಲೆಕ್ಕ ನಂಬಲರ್ಹವಲ್ಲವೆಂದು ಅಧಿಕಾರಿಗಳು ಅದನ್ನು ಬದಿಗಿಟ್ಟರು. ಮಾರ್ಚ್ 23ರವರೆಗೆ ಫಲಿತಾಂಶ ಜನರಿಗೆ ಸಿಗಲಿಲ್ಲ. ಅಷ್ಟರಲ್ಲಿ ನಾಮಿಯೆ ಪಟ್ಟಣದವರು ವಾಯವ್ಯದ ತ್ಸುಶಿಮಾಕ್ಕೆ ಹೋಗಿ ಆಶ್ರಯ ಪಡೆದಿದ್ದರು. ಗಾಳಿ ಬೀಸಿದ್ದೂ ಅತ್ತಲೇ.

ಪ್ರಮಾಣ ಗೊತ್ತಿಲ್ಲದಿದ್ದರೂ ದಿಕ್ಕು ಹೇಳಬಹುದಿತ್ತು, ದಿಕ್ಕೊಂದೇ ಆ ದಿನಗಳಲ್ಲಿ ಬೇಕಾದದ್ದು. 2014ರಲ್ಲಿ ಜಪಾನಿನ ನಿಯಂತ್ರಣ ಸಂಸ್ಥೆ ಸ್ಥಳಾಂತರದ ನಿರ್ಧಾರಕ್ಕೆ ಸ್ಪೀಡಿಯನ್ನು ಬಳಸುವುದಿಲ್ಲವೆಂದೇ ಹೇಳಿತು. ಅದರ ಬದಲು ಸ್ಥಾವರದ ಸ್ಥಿತಿಯನ್ನೂ ನೆಲದ ಮೇಲಿನ ಅಳತೆಯನ್ನೂ ನೋಡಿ ಜನರನ್ನು ಹೊರಡಿಸುವುದು ಎಂದಾಯಿತು. ನನಗೆ ಇದು ಬಚ್ಚಲ ನೀರಿನ ಜೊತೆ ಮಗುವನ್ನೂ ಚೆಲ್ಲಿದಂತೆ ಕಾಣುತ್ತದೆ. ವಾದಿಸುವವರು ವಾದಿಸಲಿ. ಕೈಗಾದ ಸುತ್ತ 16 ಕಿಲೋಮೀಟರಿನ ತುರ್ತು ಯೋಜನಾ ವಲಯಕ್ಕೆ ಇಟ್ಟು ನೋಡಬೇಕಾದ ಪ್ರಶ್ನೆ ಬೇರೆ. ಹೊರವಲಯದ ಅಣಕು ಕಾರ್ಯಾಚರಣೆಗಳಲ್ಲಿ ಬಸ್ಸು ಬರುತ್ತದೆ, ಜನ ಹತ್ತುತ್ತಾರೆ, ಫೋಟೋ ಆಗುತ್ತದೆ. ಕಾರವಾರದ ಕಡೆಯ ರಸ್ತೆಯ ಮೇಲೆ ಕದ್ರಾದ ಕೆಳಗೆ ನೆರೆ ನಿಂತಿರುವ, ಯಲ್ಲಾಪುರದ ಕಡೆ ಗುಡ್ಡ ಬಿದ್ದಿರುವ ಜುಲೈನ ಒಂದು ದಿನವನ್ನು ಕಾಗದದ ಮೇಲಾದರೂ ಆಡಿ ನೋಡಬೇಕು. ಎರಡು ಆಪತ್ತುಗಳು ಒಂದೇ ರಸ್ತೆಯನ್ನು ಹಂಚಿಕೊಂಡಿರುವಾಗ ಬೇರೆಬೇರೆ ಕಡತದಲ್ಲಿಟ್ಟು ಅಭ್ಯಾಸ ಮಾಡಿ ಏನು ಫಲ?

ಪರೀಕ್ಷೆಗೆ ದುಬಾರಿ ಸಲಹೆಗಾರರು ಬೇಕಿಲ್ಲ. ಹಳೆಯ ಮಳೆಯನ್ನೇ ಮತ್ತೆ ಸುರಿಸಬಹುದು. 2021ರ ಜುಲೈನ ಕದ್ರಾ ನೆರೆಯ ದಿನಗಳಲ್ಲಿ ಗಂಟೆಗಂಟೆಗೆ ಏನು ಗೊತ್ತಿತ್ತೋ ಅಷ್ಟನ್ನೇ ವ್ಯವಸ್ಥೆಗೆ ಉಣಿಸಿ, ಮುಂದೇನಾಯಿತೆಂದು ತಿಳಿಯದ ಒಬ್ಬ ಅಧಿಕಾರಿಯನ್ನು ಅದರ ಮುಂದೆ ಕೂರಿಸಿ. ಇನ್ನೊಬ್ಬರಿಗೆ ಪರದೆ ಕೊಡಬೇಡಿ. ಫೋನು, ಮಳೆಯ ಅಂಕಿ, ಒಂದು ತಾಲೂಕು ನಕ್ಷೆ ಸಾಕು. ಇಬ್ಬರಲ್ಲಿ ಯಾರು ಬೇಗ ಜನರನ್ನು ಎಬ್ಬಿಸಿದರು, ಯಾರು ಸುಮ್ಮನೆ ಎಬ್ಬಿಸಿದರು ಎಂದು ಬರೆದುಕೊಳ್ಳಿ. ಪರದೆಯಿದ್ದವರು ಗೆಲ್ಲದಿದ್ದರೆ ಪರದೆಯನ್ನು ತಿದ್ದಬೇಕು. ಈ ಆಟವನ್ನು ಒಮ್ಮೆ ಹಗಲು ಹನ್ನೊಂದಕ್ಕೂ, ಒಮ್ಮೆ ನಡುರಾತ್ರಿ ಎರಡಕ್ಕೂ ಆಡಿಸಬೇಕು, ಎರಡನೆಯ ಸಲ ಕರೆಂಟು ತೆಗೆದು. ಆ ಹೊತ್ತಿನಲ್ಲಿ ಜಿಲ್ಲಾ ಸಹಾಯವಾಣಿ 1077ಕ್ಕೆ ಬಂದ ಕರೆ ಎತ್ತಿಕೊಳ್ಳುವ ಗುಮಾಸ್ತರಿಗೆ ಜಲಾಶಯದ ಸ್ಥಿತಿಯ ಪುಟ ತೆರೆಯಲು ಬರುತ್ತದೆಯೇ, ಪಾಸ್‌ವರ್ಡ್ ಗೊತ್ತಿರುವ ಒಬ್ಬರೇ ಒಬ್ಬರು ರಜೆಯಲ್ಲಿದ್ದಾರೆಯೇ ಎಂಬುದೂ ಪರೀಕ್ಷೆಯ ಭಾಗವೇ.

ಜೊತೆಗೆ ಒಂದು ದಾಖಲೆ ಪುಸ್ತಕ ಬೇಕು. ಎಷ್ಟು ಗಂಟೆಗೆ ಮುನ್ಸೂಚನೆ ಬಂತು, ಎಷ್ಟಕ್ಕೆ ಯಾರು ಓದಿದರು, ಏನು ತೀರ್ಮಾನಿಸಿದರು, ಕ್ರಮ ಬೇಡವೆಂದಿದ್ದರೆ ಯಾಕೆ, ಕೊನೆಯ ಮನೆಗೆ ಸುದ್ದಿ ಮುಟ್ಟಿದ್ದು ಯಾವಾಗ. 'ಕ್ರಮ ಬೇಡ' ಎಂಬುದೂ ನಿರ್ಧಾರವೇ. ಅದನ್ನು ಬರೆದಿಡಲು ಅಧಿಕಾರಿಗಳು ಹಿಂಜರಿಯುವುದು ಸಹಜ, ನಾಳೆ ಅದೇ ಕಾಗದ ವಿಚಾರಣೆಯಲ್ಲಿ ಎದುರು ನಿಲ್ಲುತ್ತದೆ. ಹಾಗಾಗಿ ಬರೆದವರಿಗೆ ರಕ್ಷಣೆ ಕೊಟ್ಟು, ಬರೆಯದವರನ್ನು ಪ್ರಶ್ನಿಸುವ ನಿಯಮ ಬೇಕಾಗುತ್ತದೆ. ಈ ನಿಯಮವಿಲ್ಲದೆ ಯಾವ ತಂತ್ರಾಂಶದ ಮೌಲ್ಯಮಾಪನವೂ ಮಾರಿದವರ ಕರಪತ್ರದಿಂದ ಮುಂದೆ ಹೋಗುವುದಿಲ್ಲ.

ಕದ್ರಾದ ಕೆಳಗಿನ ಒಂದು ಮನೆಯಲ್ಲಿ, ಅಂಗಳದಿಂದ ಜಗಲಿಗೆ ಹತ್ತುವಲ್ಲಿ, ಚಿರೆಕಲ್ಲಿನ ಗೋಡೆಯ ಮೇಲೆ ಕೆಂಪು ಕಾವಿಯಿಂದ ಎಳೆದ ಎರಡು ಗೀಟುಗಳಿವೆ. ಒಂದರ ಪಕ್ಕ 2019, ಇನ್ನೊಂದರ ಪಕ್ಕ 2021. ಎಳೆದವರು ಆ ಮನೆಯ ಅಜ್ಜಿ. ಜಲಾಶಯದಿಂದ ಇಷ್ಟು ಸಾವಿರ ಕ್ಯೂಸೆಕ್ ನೀರು ಬಿಡಲಾಗುತ್ತದೆ ಎಂದು ಧ್ವನಿವರ್ಧಕದ ಜೀಪು ಕೂಗಿಕೊಂಡು ಹೋದಾಗಲೆಲ್ಲ ಅವರು ಮನೆಯ ಗೇಟಿನ ಬಳಿ ಹೋಗಿ ಒಂದೇ ಪ್ರಶ್ನೆ ಕೇಳುತ್ತಾರಂತೆ: 'ಅಷ್ಟು ಬಿಟ್ಟರೆ ಯಾವ ಗೀಟಿನವರೆಗೆ?' ಜೀಪಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅಜ್ಜಿ ಒಳಗೆ ಹೋಗಿ, ಅಂದಾಜಿನ ಮೇಲೆ ಅಕ್ಕಿ ಮೂಟೆಯನ್ನು ಅಟ್ಟಕ್ಕೆ ಏರಿಸುತ್ತಾರೆ.